ನೆರಳಮ್ಮ ಮುಳ್ಳುಬೇಲಿ ಬಿಡಿಸಿದ ಕಥೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಬಸಲಿಂಗಮ್ಮನವರು. ಹೊಂಗೆಯ ಮರದ ಬುಡಕ್ಕೆ ಒಂದು ಕೊಡ ನೀರು ಹೊಯ್ದು ಬಂದಲ್ಲದೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಅವರು ಹೇಳಿದಂತೆಯೇ ಹೇಳುತ್ತೇನೆ. ದೀಪದ ಸುತ್ತ ಕೂತವರು ಅಕ್ಷತೆಯನ್ನು ಕೈಯಲ್ಲಿ ಹಿಡಿದು ಚಿತ್ತವಿಟ್ಟು ಕೇಳಬೇಕು.

ಕಲ್ಲಹಾಳು ಎಂಬ ಊರಿನಲ್ಲಿ ಹಗ್ಗ ಹೊಸೆದು ಜೀವಿಸುವ ಈರಣ್ಣ, ಭರಮವ್ವ ಎಂಬ ಬಡ ದಂಪತಿಗಳಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಊರ ಮುಂದಿನ ದಾರಿಯಲ್ಲಿ ಎರಡು ಹರದಾರಿಯವರೆಗೆ ಒಂದೂ ಮರವಿರಲಿಲ್ಲ. ಒಂದು ದಿನ ಒಬ್ಬ ಮುದುಕಿ ಬಿಸಿಲಿಗೆ ಬಸವಳಿದು ಅವರ ಗೋಡೆಯ ಗೇಣಗಲ ನೆರಳಿನಲ್ಲಿ ಕುಸಿದು ಕೂರಲು, ಭರಮವ್ವ ನೀರು ಕೊಟ್ಟು, ಗಾಳಿ ಬೀಸಿ ಉಪಚರಿಸಿದಳು. ಮುದುಕಿ ಸಂತೋಷಪಟ್ಟು, ದಾರಿಯಲ್ಲಿ ಒಂದು ಹೊಂಗೆಯ ಸಸಿ ನೆಟ್ಟು ನೆರಳಮ್ಮನೆಂದು ನಡೆದುಕೊಳ್ಳಿರಿ, ವೈಶಾಖದ ಸೋಮವಾರಗಳಲ್ಲಿ ನೆರಳಿಗೆ ಬಂದವರು ಯಾರೇ ಆಗಲಿ ಮೊದಲು ಅವರಿಗೆ ನೀರು ಕೊಟ್ಟು, ಆಮೇಲೆ ಮರಕ್ಕೆ ಪೂಜೆ ಮಾಡಿರಿ, ಈ ಕ್ರಮ ತಪ್ಪಬೇಡಿರಿ ಎಂದು ಹೇಳಿ ಹೊರಟುಹೋದಳು.

ಅವರು ಹಾಗೆಯೇ ನಡೆಯಲು, ಮರ ಬೆಳೆಯಿತು, ಮನೆ ಬೆಳೆಯಿತು, ನೀಲವ್ವನೆಂಬ ಮಗಳು ಹುಟ್ಟಿ ಬೆಳೆದು ಪಕ್ಕದೂರಿಗೆ ಸೊಸೆಯಾಗಿ ಹೋದಳು.

ಸಿರಿ ಬಂದ ಮೇಲೆ ಭರಮವ್ವನಿಗೆ ಮಡಿ ಹೆಚ್ಚಾಯಿತು. ಮರದ ಬುಡಕ್ಕೆ ಅರಿಸಿನ ಬಳಿದು ಬೆಳ್ಳಿಯ ಕಣ್ಣು ಇಡಿಸಿದಳು. ಒಂದು ಸೋಮವಾರ ಚಪ್ಪಲಿ ಹೊಲಿಯುವ ದುರುಗಪ್ಪ ತೊಗಲಿನ ಹೊರೆ ಇಳಿಸಿ ಅಲ್ಲಿ ಕೂತಿರುವುದನ್ನು ಕಂಡು, "ಏಳೋ ದುರುಗ, ದೇವರ ತಲೆಮೇಲೆ ಕೂತಂಗೆ ಕೂತೀಯಲ್ಲ! ನಿಮ್ಮಪ್ಪ ನೆಟ್ಟಿದ್ದೇನೋ ಮರಾನ?" ಎಂದಳು.

"ನೆಟ್ಟೋರು ನೀವೇ ಬಿಡ್ರವ್ವ, ಬಿಸಿಲು ಮಾತ್ರ ನಮ್ದು" ಎಂದು ಅವನು ನಕ್ಕು ಹೊರೆ ಎತ್ತಿಕೊಂಡು ಹೋದನು.

ಅಂದೇ ಅವಳು ಮರದ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ಮುದುಕಿಯ ಮಾತು ನೆನೆಸಿಕೋ ಎಂದು ಈರಣ್ಣ ಹೇಳಿದರೂ ಕೇಳಲಿಲ್ಲ.

ಮರುವರ್ಷ ವೈಶಾಖದ ಕೊನೆಯ ಸೋಮವಾರ ನೀಲವ್ವ ಮೂರು ತಿಂಗಳ ಕೂಸನ್ನೆತ್ತಿಕೊಂಡು ತವರಿನ ಪೂಜೆಗೆ ಹೊರಟಳು. ದಾರಿಯಲ್ಲಿ ಎತ್ತು ಕುಂಟಿ ಬಂಡಿ ನಿಲ್ಲಲು, ಇಳಿದು ನಡೆದಳು. ಮಣ್ಣು ಹಂಚಿನಂತೆ ಕಾದಿತ್ತು. ತಂಬಿಗೆಯ ನೀರು ಮುಗಿಯಿತು. ಕೂಸು ಮೊದಲು ಅತ್ತಿತು, ಆಮೇಲೆ ನರಳಿತು, ಆಮೇಲೆ ಅದೂ ನಿಂತಿತು. ದೂರದಲ್ಲಿ ಅವ್ವನ ಮರ ಕಂಡು, ಅಲ್ಲಿಗೆ ಸೇರಿದರೆ ಬದುಕಿದೆವು ಎಂದು ಓಡಿ ಬಂದು ನೋಡಿದರೆ ಆಳೆತ್ತರದ ಮುಳ್ಳು. ಸೂರ್ಯ ನೆತ್ತಿಯ ಮೇಲಿದ್ದುದರಿಂದ ನೆರಳೆಲ್ಲ ಬೇಲಿಯ ಒಳಗೇ ಬಿದ್ದಿತ್ತು. ಹೊರಗೆ ಅಂಗೈಯಗಲವೂ ಇರಲಿಲ್ಲ. ಕೂಗಳತೆಯಲ್ಲಿ ಊರಿದ್ದರೂ ಅವಳ ಕಾಲು ಏಳಲಿಲ್ಲ.

ಅದೇ ದಾರಿಯಲ್ಲಿ ಬಂದ ದುರುಗಪ್ಪ ಇದನ್ನು ಕಂಡು, ತನ್ನ ತೊಗಲನ್ನು ಬಿಚ್ಚಿ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು, ತಾಯಿ ಮಗುವಿಗೆ ನೆರಳು ಮಾಡಿ ನಿಂತು ಊರ ಕಡೆ ಕೂಗು ಹಾಕಿದನು. ಪೂಜೆಗೆ ಬರುತ್ತಿದ್ದ ಭರಮವ್ವ ಓಡಿ ಬಂದು, ತಟ್ಟೆ ಎಸೆದು ಬರಿಗೈಯಲ್ಲಿ ಮುಳ್ಳು ಕಿತ್ತಳು. ಅಂಗೈ ರಕ್ತವಾಯಿತು. ಮೊಮ್ಮಗನನ್ನು ಬುಡದಲ್ಲಿ ಮಲಗಿಸಿದಳು. ಎಲೆ ತುಂಬಿದ ಮರ. ಆದರೂ ಬಿಸಿಲು ಜರಡಿಯಿಂದ ಇಳಿದಂತೆ ಇಳಿದು ಕೂಸಿನ ಮುಖದ ಮೇಲೆಯೇ ಬಿತ್ತು. ಪಕ್ಕಕ್ಕೆ ಸರಿಸಿದರೆ ಬಿಸಿಲೂ ಸರಿಯಿತು. ಕೂಸಿನ ತುಟಿ ಕಪ್ಪಾಗುತ್ತಿತ್ತು.

ಆಗ ಅವಳಿಗೆ ಮುದುಕಿ ಹೇಳಿದ ಕ್ರಮ ನೆನಪಾಯಿತು. ತಿರುಗಿ ನೋಡಿದರೆ ದುರುಗಪ್ಪ ಬೇಲಿಯಾಚೆ ಬಿಸಿಲಲ್ಲೇ ನಿಂತಿದ್ದನು.

"ಒಳಗೆ ಬಾರಪ್ಪ ದುರುಗಪ್ಪ."

"ಪೂಜೆ ಹೊತ್ತು ಕಣ್ರವ್ವ, ಕೈಯಾಗೆ ತೊಗಲೈತೆ."

"ತೊಗಲ ಸಮೇತ ಬಾ ನನ್ನಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

ಕೈಹಿಡಿದು ಕರೆತಂದು ಬುಡದಲ್ಲಿ ಕೂರಿಸಿ, ಕಲಶದ ನೀರನ್ನೇ ಕೊಟ್ಟಳು. ಅವನು ಒಂದು ಗುಟುಕು ಕುಡಿದು, ಉಳಿದದ್ದರಲ್ಲಿ ಬೆರಳದ್ದಿ ಕೂಸಿನ ತುಟಿಗೆ ಮುಟ್ಟಿಸಿದನು. ಕೂಡಲೇ ಎಲೆಗಳು ಒಂದಕ್ಕೊಂದು ಹೊಂದಿಕೊಂಡು ನೆರಳು ದಟ್ಟವಾಗಿ ಇಳಿಯಿತು. ಕೂಸು ಕೆಮ್ಮಿತು, ಕಣ್ಣು ಬಿಟ್ಟು ಗಟ್ಟಿಯಾಗಿ ಅತ್ತಿತು. ಆ ಅಳುವೇ ಅಂದಿನ ಮಂಗಳಾರತಿಯಾಯಿತು.

ಆದ್ದರಿಂದ ಎಳೆಯ ಸಸಿಗೆ ಬೇಲಿ ಕಟ್ಟಬೇಕು. ನೆರಳು ಕೊಡುವಷ್ಟು ಬೆಳೆದ ಮೇಲೆ ಕಟ್ಟಿದವರೇ ಬಿಚ್ಚಬೇಕು. ಈ ಕಥೆಯನ್ನು ಹೇಳಿದವರ, ಕೇಳಿದವರ ಮಕ್ಕಳು ಮೊಮ್ಮಕ್ಕಳು ನಡೆಯುವ ದಾರಿಯೆಲ್ಲ ನೆರಳಮ್ಮ ತಂಪಾಗಿರಿಸುವಳು. ಅಕ್ಷತೆಯನ್ನು ಮರದ ಬುಡಕ್ಕೆ ಹಾಕಿರಿ. ಕಥೆಯನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿರಿ. ನಾಳೆ ಮಧ್ಯಾಹ್ನ ನೆರಳಿಗೆ ಬಂದು ಕೂತವರಿಗೆ ನೀರು ಕೊಟ್ಟು, ಅವರು ಕುಡಿದು ಮುಗಿಸಿದ ಮೇಲೆ ಹೇಳಿರಿ.