ಹೆಬ್ಬೆರಳಗಲದ ಖಾಲಿ ಜಾಗ

"ಗುರುಗಳೇ, ನೀವು ಹೇಳಿದ ಔಷಧಗಳನ್ನೆಲ್ಲ ಬರೆದು ಮುಗಿಸಿದೆ. ನಾಲ್ಕಾರು ಕಡೆ ನಾನೆಂದೂ ಕೇಳಿರದ ಹೆಸರುಗಳು ಬಂದವು. ಕೇಳಲು ನಾಚಿಕೆಯಾಯಿತು, ಸರಿ ಕಂಡದ್ದನ್ನು ಬರೆದುಬಿಟ್ಟೆ. ಖಾಲಿ ಬಿಟ್ಟಿದ್ದರೆ ನೋಡಿದವರು ನಗುತ್ತಿರಲಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನು ಬರೆದ ಪುಸ್ತಕದ ಹಾಳೆಗಳನ್ನು ತಿರುವಿ ನೋಡಿ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ವಯಸ್ಸಾಗಿ ಕೈ ನಡುಗುತ್ತಿತ್ತು. ಅವನು ಬಾಯಲ್ಲಿ ಹೇಳುತ್ತಿದ್ದ, ಒಬ್ಬ ಲಿಪಿಕಾರ ಚೀಟಿ ಬರೆದು ಕೊಡುತ್ತಿದ್ದ. ಮುತ್ತು ಪೋಣಿಸಿದಂಥ ಅಕ್ಷರ. ಗೊತ್ತಿಲ್ಲದ ಹೆಸರು ಬಂದರೂ ಅವನ ಕೈ ನಿಂತದ್ದಿಲ್ಲ. ಆದರೆ ಪೇಟೆಯಲ್ಲಿ ಬೇರುನಾರು ಮಾರುವ ಮುದುಕಿಗೆ ಆ ಚೀಟಿ ಕಂಡರಾಗದು. "ಹೋಗಿ ವೈದ್ಯರ ಬಾಯಿಂದಲೇ ಇನ್ನೊಮ್ಮೆ ಕೇಳಿಕೊಂಡು ಬಾ" ಎಂದು ಬಂದವರನ್ನು ಹಿಂದಕ್ಕಟ್ಟುತ್ತಿದ್ದಳು. ಅಲ್ಲಿಯವರೆಗೆ ತಕ್ಕಡಿ ಮುಟ್ಟುತ್ತಿರಲಿಲ್ಲ. ಲಿಪಿಕಾರನಿಗೆ ಇದು ಮುಳ್ಳಿನಂತೆ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಒಬ್ಬ ನೇಕಾರ ಓಡಿಬಂದ. ಹೆಂಡತಿ ಹೆತ್ತು ಮೂರು ದಿನ, ಮೈ ಕಾದ ಹಂಚಾಗಿದೆ. ಅವನ ಎದೆಗವಚಿದ ಕೂಸು ಹಸಿದು ಅಳುತ್ತಿದೆ. ಪಕ್ಕದೂರಿಗೆ ಹೊರಟಿದ್ದ ವೈದ್ಯ ಗಾಡಿಯಲ್ಲಿ ಕೂತೇ ಎಲ್ಲ ವಿಚಾರಿಸಿ, ಐದು ಹೆಸರು ಹೇಳಿದ. ಗಾಡಿ ಹೊರಟಿತು.

ಲಿಪಿಕಾರ ನಾಲ್ಕು ಬರೆದ. ಐದನೆಯದು ಅವನು ಎಂದೂ ಕೇಳಿರದ ಹೆಸರು. ಎಂದಿನಂತೆ ಏನೋ ಒಂದನ್ನು ಬರೆಯಹೊರಟವನು, ಕೂಸನ್ನು ಸುಮ್ಮನಿರಿಸಲು ಎಡಗೈ ಬೆರಳು ಚಾಚಿದ. ಕೂಸು ಆ ಬೆರಳನ್ನೇ ಚೀಪತೊಡಗಿತು. ಬಲಗೈ ನಿಂತುಹೋಯಿತು. ಹೆಬ್ಬೆರಳಗಲ ಜಾಗ ಬಿಟ್ಟು ಚೀಟಿ ಕೊಟ್ಟ.

"ಇದೇನು ಸ್ವಾಮಿ, ಹಲ್ಲು ಬಿದ್ದ ಬಾಯಿಯ ಹಾಗೆ? ತುಂಬಿಸಿ ಕೊಡಿ" ಎಂದ ನೇಕಾರ.

"ನನಗೆ ಗೊತ್ತಿಲ್ಲಪ್ಪಾ. ನೀನು ಅಜ್ಜಿಯ ಅಂಗಡಿಗೆ ನಡೆ, ನಾನು ಓಡಿ ವೈದ್ಯರ ಗಾಡಿ ಹಿಡಿಯುತ್ತೇನೆ."

ಒಂದು ಹರದಾರಿ ಓಡಿ ಗಾಡಿ ಹಿಡಿದ. "ಇಷ್ಟು ವರ್ಷ ಬರೆದವನಿಗೆ ಇದೂ ಗೊತ್ತಿಲ್ಲವೇನಯ್ಯ!" ಎಂದು ವೈದ್ಯ ನಕ್ಕ, ಗಾಡಿ ಹೊಡೆಯುವವನೂ ನಕ್ಕ. ಲಿಪಿಕಾರ ತಲೆ ತಗ್ಗಿಸಿ, ಹೆಸರನ್ನು ಎರಡು ಸಲ ಹೇಳಿಸಿಕೊಂಡು ಇನ್ನೊಂದು ಚೀಟಿಯಲ್ಲಿ ಬರೆದ. ಬರೆದದ್ದನ್ನು ಓದಿ ಒಪ್ಪಿಸಿ, ತಿರುಗಿ ಓಡಿದ.

ದಾರಿಯುದ್ದಕ್ಕೂ ಒಂದೇ ಭಯ. ಕಷಾಯ ಒಂದು ಜಾವ ಕುದಿಯಬೇಕು. ತುಂಬಿದ ಚೀಟಿಯನ್ನೇ ನಂಬದವಳು ಆ ಮುದುಕಿ. ಈ ಅರೆಬರೆ ಚೀಟಿ ನೋಡಿ ನೇಕಾರನನ್ನು ಅಟ್ಟಿರುತ್ತಾಳೆ.

ಅಂಗಡಿಗೆ ಬಂದು ನೋಡಿದರೆ ನಾಲ್ಕೂ ಸಾಮಾನು ಅಲ್ಲಿಯ ಒಲೆಯ ಮೇಲೆ ಕುದಿಯುತ್ತಿವೆ. ಕೂಸು ಮುದುಕಿಯ ಮಡಿಲಲ್ಲಿ ನಿದ್ದೆಹೋಗಿದೆ. ಅವಳು ಕೈ ಚಾಚಿ ಐದನೆಯ ಹೆಸರು ಓದಿಕೊಂಡಳು, ಬೇರು ತೆಗೆದು ಜಜ್ಜಿ ಹಾಕಿದಳು. ಸಂಜೆಗೆ ಜ್ವರ ಇಳಿಯಿತು, ತಾಯಿ ಕೂಸನ್ನು ಎದೆಗೆ ತೆಗೆದುಕೊಂಡಳು.

ಮರುದಿನ ಲಿಪಿಕಾರ ಅಂಗಡಿಗೆ ಬಂದ. "ಇಷ್ಟು ವರ್ಷ ತುಂಬಿದ ಚೀಟಿ ಕಳಿಸಿದೆ, ನಂಬಲಿಲ್ಲ. ನಿನ್ನೆಯದನ್ನು ಹೇಗೆ ನಂಬಿದಿರಿ ಅಜ್ಜಿ?"

"ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಚಂದ ಬರೆಯುತ್ತಿದ್ದೆ. ಯಾವುದು ಯಾವುದು ಅಂತ ನನಗೆ ಹೇಗೆ ತಿಳಿಯಬೇಕು? ನಿನ್ನೆ ಒಂದು ಕಡೆ ಗೊತ್ತಿಲ್ಲ ಅಂದೆಯಲ್ಲ, ಉಳಿದ ನಾಲ್ಕು ಗೊತ್ತಿದ್ದೇ ಬರೆದದ್ದು ಅಂತಾಯಿತು."

ಗುರುಗಳು ಪುಸ್ತಕವನ್ನು ಮುಚ್ಚಿ ಮೆಲ್ಲಗೆ ಶಿಷ್ಯನ ಕೈಯಲ್ಲಿಟ್ಟರು.

"ಇದರಲ್ಲಿ ಒಂದೂ ಖಾಲಿ ಜಾಗವಿಲ್ಲ ಮಗು, ಯಾವ ಪುಟವನ್ನು ನಂಬಿ ನಾನು ಒಲೆ ಹಚ್ಚಲಿ?"