ಅಪ್ಪನ ಚಿನ್ನದ ಹಲ್ಲು

ಶಿಷ್ಯ ಮರುಳಯ್ಯ ಕೇಳಿದ: "ಗುರುಗಳೇ, ನಾನು ಎಲ್ಲಾ ರೀತೀಲೂ ನಿಮ್ಮ ಹಾಗೇ ಆಗ್ಬೇಕು. ಇನ್ನೇನು ಮಾಡ್ಲಿ?"

ಆಗಲೇ ಅವನು ಗುರುಗಳ ಹಾಗೇ ಕೆಮ್ಮುತ್ತಿದ್ದ. ಗುರುಗಳಿಗೆ ಕೆಮ್ಮು ಬಂದದ್ದು ಧೂಳಿನಿಂದ. ಅವರು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಅಪ್ಪನ ಮುಂದಿನ ಹಲ್ಲಿಗೆ ಚಿನ್ನದ ಕ್ಯಾಪ್ ಇತ್ತು. ಅಪ್ಪ ರೇಟು ಹೇಳುವಾಗ ಅದು ಒಂಚೂರು ಹೊಳೆಯುತ್ತಿತ್ತು. ಗಿರಾಕಿಗಳು ಚೌಕಾಸಿ ಮಾಡುತ್ತಿರಲಿಲ್ಲ. ಅಪ್ಪ ತೀರಿಹೋದ. ಕೊನೆಯ ಸ್ನಾನಕ್ಕೆ ಮುಂಚೆ ಮೈಮೇಲಿನ ಚಿನ್ನವನ್ನೆಲ್ಲ ತೆಗೆಯುವುದು ಆ ಮನೆಯ ಪದ್ಧತಿ. ಉಂಗುರ ಬಂತು, ಕಿವಿಯ ಕಡುಕು ಬಂತು. ಕ್ಯಾಪ್ ಮಾತ್ರ ಬರಲಿಲ್ಲ. ಜೋರಾಗಿ ಎಳೆದಾಗ ಹಲ್ಲಿನ ಒಂದು ಚೂರನ್ನೂ ಕಚ್ಚಿಕೊಂಡೇ ಬಂತು.

ಮಗ ಅಂಗಡಿಯಲ್ಲಿ ಕೂತ. ಅವನು ಹೇಳಿದ ರೇಟನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಗಡಿ ಮುಚ್ಚುವ ಹಾಗಾಯಿತು. ಅವನು ಕ್ಯಾಪ್ ತಗೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಇದನ್ನು ನನಗೆ ಕೂರಿಸಿ ಅಂದ. ಡಾಕ್ಟರು ಒಳಗೆ ನೋಡಿ, ಹಳೆಯ ಅಂಟನ್ನೂ ಆ ಚೂರನ್ನೂ ತೆಗೆದು, ಲೋಹವನ್ನು ಒಳಗಡೆ ತರಿತರಿ ಮಾಡಬೇಕು, ಆಗಲೇ ಹೊಸ ಅಂಟು ಹಿಡಿಯೋದು ಅಂದರು.

"ಕೆರೀಬೇಡಿ ಸಾರ್. ಒಳಗೆ ಅಪ್ಪ ಇದ್ದಾರೆ."

ಡಾಕ್ಟರು ಹಾಗೇ ಅಂಟಿಸಿದರು. ಅದು ಪಾಯಸದಲ್ಲಿ ಬಿತ್ತು. ಸೀನಿದಾಗ ಬಿತ್ತು. ಒಮ್ಮೆ ಮಡಿಚಿದ ರೇಷ್ಮೆ ಸೀರೆಯೊಳಗೆ ಸೇರಿಕೊಂಡು ಮದುವೆಮನೆಗೂ ಹೋಗಿಬಂತು. ಬೇಕಾದರೆ ನನ್ನ ಹಲ್ಲನ್ನೇ ಕೆರೆಯಿರಿ ಅಂತ ವ್ಯಾಪಾರಿ ಹಟ ಹಿಡಿದ. ಡಾಕ್ಟರು ಅವನ ಹಲ್ಲು ಸವೆಸಿ, ಆಸಿಡ್ ಹಚ್ಚಿ ತರಿ ಮಾಡಿದರು. ಅಪ್ಪನ ಚೂರಿಗೂ ಹಚ್ಚಿದರು. ಎಂಜಲು ತಾಗದ ಹಾಗೆ ಒಣಗಿಸಿ ಅಂಟಿಸಿದರು. ಈ ಸಲ ಹಲ್ಲು ಹಲ್ಲನ್ನು ಹಿಡಿಯಿತು.

ಅಂಗಡಿ ನೆಟ್ಟಗಾಯಿತು. ಗಿರಾಕಿಗಳು ಹೇಳಿದಷ್ಟು ಕೊಟ್ಟರು. ವ್ಯಾಪಾರಿ ಅಪ್ಪನ ಹಾಗೇ ನಗತೊಡಗಿದ. ಆಮೇಲೆ ಎಡಗೈಯಲ್ಲಿ ಬಟ್ಟೆ ಕತ್ತರಿಸತೊಡಗಿದ. ಅಪ್ಪ ಎಡಚ. ಮಗ ಅಲ್ಲ.

ಒಂದು ಬೆಳಿಗ್ಗೆ ಅವನು ಚಪ್ಪಲಿಯನ್ನೂ ಹಾಕದೆ ಬಂದು ಡಾಕ್ಟರ ಕುರ್ಚಿಯಲ್ಲಿ ಕೂತ.

"ತೆಗೆದುಬಿಡಿ ಸಾರ್. ಅಮ್ಮ ನನಗೆ ಊಟ ಬಡಿಸಿ, ಮಗ ಇನ್ನೂ ಬಂದಿಲ್ಲ ಅಂತ ಬಾಗಿಲಲ್ಲಿ ಕಾಯ್ತಾಳೆ."

ಡಾಕ್ಟರು ಎಳೆದರು. ಅಂಟು ಬಿಡಲಿಲ್ಲ, ಹಲ್ಲೇ ಬಿಟ್ಟಿತು. ಕ್ಯಾಪಿನೊಳಗೆ ಅಪ್ಪನ ಚೂರು, ಅದಕ್ಕೆ ಕಚ್ಚಿಕೊಂಡು ಬುಡಸಮೇತ ಮಗನ ಹಲ್ಲು. ಇದರಲ್ಲಿ ನನ್ನದು ಎಲ್ಲಿಂದ ಶುರು ಅಂತ ವ್ಯಾಪಾರಿ ಕೇಳಿದ. ಡಾಕ್ಟರು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಗೆರೆ ಕಾಣಲಿಲ್ಲ. ಪುಟ್ಟ ಡಬ್ಬಿಗೆ ಹಾಕಿ, ಮೇಲೆ ಯಾರ ಹೆಸರು ಬರೆಯಲಿ ಅಂತ ಕೇಳಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆ ತಾಯಿಗೆ ಕೊನೆಗೆ ಮಗ ಸಿಕ್ಕಿದನೇ ಅಂತ ಮರುಳಯ್ಯ ಕೇಳಿದ.

"ನಿನ್ನೆ ನೀನು ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಕಳಿಸಿದೆಯಲ್ಲ, ಆ ಮುದುಕಿ ಆಚೆ ಬಂದು, ನನ್ನ ಮಗ ಮರುಳಯ್ಯ ಎಲ್ಲಿ ಅಂತ ನನ್ನನ್ನು ಕೇಳಿದಳು."