ಮಗ್ಗದ ಸದ್ದು ಅಳಿಸಿದ ಹುಡುಗಿ

"ಅಜ್ಜಾರೇ, ಮೊದಲೆಲ್ಲ ಮನೆಯಿಂದ ಒಂದು ಮಾತು ಬಂದರೆ ಸಾಕು, ವಾರವಿಡೀ ನನ್ನ ಮನಸ್ಸು ನಡುಗುತ್ತಿತ್ತು. ಈಗ ಅದು ಅಲುಗುವುದೇ ಇಲ್ಲ. ಇದು ಸಾಧನೆಯ ಫಲವೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಅಡಿವೆಪ್ಪ. ಹೆಂಡತಿಯನ್ನು ಊರಲ್ಲಿ ಬಿಟ್ಟು ಮಠ ಸೇರಿದವನು. ಹೌದು ಎಂಬ ಉತ್ತರ ಆಗಲೇ ಕೈಗೆ ಸಿಕ್ಕವನ ಹಾಗೆ ಕೂತಿದ್ದ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬಳೇ ಮಗಳು. ದೂರದ ಪೇಟೆಯಲ್ಲಿ ಕಾಲೇಜು ಓದುತ್ತಿದ್ದಳು. ಅವರ ಸೀಮೆಯಲ್ಲಿ ಆಗಾಗ ನೆಲ ಸಣ್ಣಗೆ ನಡುಗುತ್ತಿತ್ತು. ಪಾತ್ರೆ ಗಲಗಲ ಎನ್ನುವುದು, ಜನ ಹೊರಗೆ ಓಡುವುದು, ಸ್ವಲ್ಪ ಹೊತ್ತಿಗೆ ನಾಚಿಕೊಂಡು ಒಳಗೆ ಬರುವುದು. ಎಲ್ಲೆಲ್ಲಿ ನಡುಗುತ್ತದೆ, ಎಷ್ಟು ನಡುಗುತ್ತದೆ ಎಂದು ತಿಳಿಯಲು ಹುಡುಗಿ ತಾನೇ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯತೊಡಗಿದಳು. ನಡುಕ ಹಿಡಿಯುವ ಪುಟ್ಟ ಯಂತ್ರಗಳನ್ನು ಸುತ್ತಲ ಹಳ್ಳಿಗಳಲ್ಲಿ ಇಟ್ಟಳು. ಅಪ್ಪನ ಮನೆ ಗಟ್ಟಿ ಬಂಡೆಯ ಮೇಲಿತ್ತು, ಹಾಗಾಗಿ ಒಂದನ್ನು ಅಲ್ಲಿಯೇ ಇಟ್ಟಳು. ಯಂತ್ರ ಕೇಳಿಸಿಕೊಂಡದ್ದೆಲ್ಲ ಕಾಲೇಜಿನ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಕಂಪ್ಯೂಟರ್ ನನಗೆ ಅಷ್ಟಾಗಿ ತಿಳಿಯದು, ಕತೆಗೆ ಬೇಕಾದಷ್ಟು ತಿಳಿದುಕೊಂಡಿದ್ದೇನೆ.

ಆದರೆ ನೇಕಾರನದು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಅದರ ಒಂದೊಂದು ಏಟೂ ನೆಲಕ್ಕೆ ಇಳಿಯುತ್ತಿತ್ತು, ಗೆರೆ ಕುಣಿಯುತ್ತಿತ್ತು, ಭೂಮಿಯ ಸಣ್ಣ ನಡುಕ ಅದರಡಿ ಮುಚ್ಚಿಹೋಗುತ್ತಿತ್ತು. ಈ ಗದ್ದಲ ಹೋಗದೆ ಕೆಲಸವನ್ನು ಒಪ್ಪುವುದಿಲ್ಲ ಎಂದು ಪಾಠ ಹೇಳುವವರು ಖಡಾಖಂಡಿತವಾಗಿ ಹೇಳಿದರು.

ಹುಡುಗಿಗೆ ಆ ಗದ್ದಲವೇ ಬೇಕಾಗಿತ್ತು. ಅಪ್ಪ ಮಗ್ಗಕ್ಕೆ ಕೂತ, ಚಹಾಕ್ಕೆ ಎದ್ದ, ನೂಲು ಹರಿದು ಗಂಟು ಹಾಕುತ್ತಿದ್ದಾನೆ, ಎಲ್ಲವೂ ಅವಳಿಗೆ ಗೆರೆಯಲ್ಲಿ ಕಾಣುತ್ತಿತ್ತು. ಹಾಸ್ಟೆಲಿನಲ್ಲಿ ಊರಿನ ನೆನಪು ಬಂದಾಗಲೆಲ್ಲ ಅದನ್ನು ತೆರೆಯುತ್ತಿದ್ದಳು. ಗೆರೆ ನೋಡುತ್ತ ಕೂತರೆ ಊಟ ಬೇಡ, ಓದು ಬೇಡ. ಹೀಗಾದರೆ ಕೆಲಸ ಕೆಟ್ಟಿತು ಎಂದುಕೊಂಡು ಅವಳು ಮನೆಯ ಗೆರೆ ನೋಡುವುದನ್ನೇ ಬಿಟ್ಟಳು. ಮೊದಲು ಕೂಡಿಟ್ಟ ಗೆರೆಗಳನ್ನಷ್ಟೇ ಮುಂದಿಟ್ಟುಕೊಂಡು, ಅಪ್ಪನ ಕೈಯ ತಾಳವನ್ನು ಗುರುತು ಹಿಡಿದು ಅಳಿಸುವುದನ್ನು ಪ್ರೋಗ್ರಾಮಿಗೆ ಕಲಿಸತೊಡಗಿದಳು.

ಗೆರೆ ನೋಡುವುದನ್ನು ಬಿಟ್ಟ ಹೊಸದರಲ್ಲಿ ಫೋನಿನಲ್ಲಿ ಒಮ್ಮೆ ಮಾತ್ರ, ನಿನ್ನ ಮಗ್ಗ ನನ್ನ ಗೆರೆಯ ತುಂಬ ಕುಣಿಯುತ್ತದೆ ಎಂದು ಅಪ್ಪನಿಗೆ ನಗುತ್ತ ಹೇಳಿದ್ದಳು. ಅವಳು ಹೇಳಬೇಕಾಗಿದ್ದದ್ದು ನಿನ್ನ ನೆನಪಾಗುತ್ತದೆ ಎಂದು. ಮಕ್ಕಳು ಅದನ್ನು ನೆಟ್ಟಗೆ ಎಲ್ಲಿ ಹೇಳುತ್ತಾರೆ.

ಮಳೆಗಾಲ ಕಳೆಯುವ ಹೊತ್ತಿಗೆ ಪ್ರೋಗ್ರಾಂ ಮುಗಿಯಿತು. ಮನೆಯಿಂದ ಹೊಸದಾಗಿ ಬಂದ ಗೆರೆಯನ್ನು ತಾನು ನೋಡದೆ ನೇರ ಅದಕ್ಕೆ ಒಡ್ಡಿದಳು. ಮಗ್ಗದ ಸುಳಿವೇ ಇಲ್ಲ. ಭೂಮಿಯ ನಡುಕಗಳು ಒಂದೊಂದಾಗಿ ಕಂಡವು, ಸೀಮೆಯ ನಕ್ಷೆಯ ಮೇಲೆ ಚುಕ್ಕೆಗಳಾದವು. ಎಲ್ಲರೂ ಬೆನ್ನು ತಟ್ಟಿದರು. ಪ್ರೋಗ್ರಾಂ ಏನನ್ನು ಅಳಿಸಿತು ಎಂದು ಅವಳು ತೆರೆದು ನೋಡಲಿಲ್ಲ. ಅಕ್ಕಿ ಆರಿಸಿದ ಮೇಲೆ ಎಸೆದ ಕಲ್ಲನ್ನು ಯಾರು ನೋಡುತ್ತಾರೆ? ಆ ಸಂಜೆ ಫೋನು ಮಾಡಿದಾಗ ಅಪ್ಪನೇ ಕೇಳಿದ.

"ಗೆರಿ ಈಗ ಸ್ವಚ್ಛ ಬರಾಕತ್ತೇತೇನವ್ವ?"

"ಹೂಂ ಅಪ್ಪ, ಭಾಳ ಸ್ವಚ್ಛ ಬರಾಕತ್ತೇತಿ."

ಇಬ್ಬರೂ ತಮ್ಮ ತಮ್ಮಲ್ಲೇ ಹಿಗ್ಗಿದರು.

ರಜೆಗೆ ಊರಿಗೆ ಬಂದಳು. ಓಣಿಗೆ ಕಾಲಿಡುತ್ತಲೇ ಅವಳ ಕಿವಿ ಮಗ್ಗಕ್ಕಾಗಿ ಹಾತೊರೆಯಿತು. ಸದ್ದಿಲ್ಲ. ಒಳಗೆ ಮಗ್ಗದ ಮೇಲೆ ಹಳೆಯ ದುಪ್ಪಟಿ ಹೊದಿಸಿತ್ತು. ಅದರಡಿ ಬಟ್ಟೆ ಅರ್ಧಕ್ಕೇ ನಿಂತಿತ್ತು. ಅಪ್ಪ ಸಂಜೆ ಬಂದ. ಪಕ್ಕದೂರಿನಲ್ಲಿ ಇನ್ನೊಬ್ಬರ ಮಗ್ಗಕ್ಕೆ ಕೂಲಿಯಾಗಿ ಕೂರುತ್ತಿದ್ದ. ಎಂದಿನಿಂದ ಹೀಗೆ ಎಂದು ಅವಳು ಕೇಳಿದಳು. ಅವಳು ಫೋನಿನಲ್ಲಿ ನಕ್ಕ ಮರುದಿನದಿಂದಲೇ ಎಂದ.

"ನಿನ್ನ ಮಿಷನ್ ನೆಲದ ಮಾತು ಕೇಳಾಕ ಕುಂತೇತಿ. ನಡುವ ನಾ ಯಾಕ ಬಾಯಿ ಹಾಕ್ಲಿ?"

ಎಲ್ಲರೂ ಹೊಗಳಿದ ಪ್ರೋಗ್ರಾಮಿಗೆ ಅಳಿಸಲು ಅಲ್ಲಿ ಏನೂ ಇರಲಿಲ್ಲ. ಹುಡುಗಿ ತಾನೇ ದುಪ್ಪಟಿ ಎಳೆದು ತೆಗೆದಳು. ನಾಳೆಯಿಂದ ಇಲ್ಲೇ ಕೂರಬೇಕು ಎಂದು ಅಪ್ಪನಿಂದ ಮಾತು ತೆಗೆದುಕೊಂಡು ಕಾಲೇಜಿಗೆ ಮರಳಿದಳು.

ಬಂದವಳೇ ಮನೆಯ ಗೆರೆ ತೆರೆದಳು. ಅಪ್ಪ ನೇಯುತ್ತಿದ್ದ. ಪ್ರೋಗ್ರಾಂ ಒಂದು ಏಟನ್ನೂ ಅಳಿಸಲಿಲ್ಲ, ಗೆರೆಯ ತುಂಬ ಕುಣಿತ. ಅಷ್ಟು ದಿನದ ಕೆಲಸ ನೀರುಪಾಲಾಯಿತು ಎಂದು ಅವಳಿಗೆ ಅನಿಸಲೇ ಇಲ್ಲ. ಕಣ್ಣು ತುಂಬಿ ನೋಡಿದಳು. ನೋಡುತ್ತ ನೋಡುತ್ತ ಅನುಮಾನ ಬಂದು ಹಳೆಯ ಗೆರೆಯನ್ನು ಪಕ್ಕಕ್ಕಿಟ್ಟು ಹೋಲಿಸಿದಳು. ಪರರ ಮಗ್ಗಕ್ಕೆ ಕೂತು ಕೂತು ಅಪ್ಪನ ಕೈಯ ತಾಳ ಬದಲಾಗಿತ್ತು. ಪ್ರೋಗ್ರಾಮಿಗೆ ಅದು ಯಾರ ಏಟು ಎಂದು ಗುರುತು ಸಿಕ್ಕಿರಲಿಲ್ಲ. ಅವಳಿಗೂ ಸಿಗಲಿಲ್ಲ. ಚಹಾಕ್ಕೆ ಎದ್ದನೋ, ನೂಲು ಹರಿಯಿತೋ, ಒಂದೂ ತಿಳಿಯದೆ, ಹಳೆಯ ತಾಳ ಒಮ್ಮೆಯಾದರೂ ಬರಲಿ ಎಂದು ಪರದೆಯ ಮುಂದೆ ಕಾದು ಕೂತಳು.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪ ತಲೆದೂಗಿದ. ಹಾಗಾದರೆ ಆ ನಿಶ್ಶಬ್ದ ಹುಡುಗಿಯ ಜಾಣ್ಮೆಯದಲ್ಲ, ಅಪ್ಪ ಬಾಯಿ ಕಟ್ಟಿಕೊಂಡದ್ದರ ಫಲ ಎಂದು ತಾನೇ ಅರ್ಥ ಬಿಡಿಸಿ ನಕ್ಕ. ನಗು ಅರ್ಧಕ್ಕೇ ನಿಂತಿತು. ಗುರುಗಳು ಮೆಲ್ಲಗೆ ಕೇಳಿದರು:

"ನಿನ್ನ ಹೆಂಡತಿ ಹೇಳಿಕಳಿಸುವುದನ್ನು ಯಾವಾಗ ನಿಲ್ಲಿಸಿದಳು, ಅಡಿವೆಪ್ಪ?"